ಮೀನು ಇನ್ನೂ ಬಂದಿಲ್ಲ

ಆ ಬೆಳಿಗ್ಗೆ ವರ್ನಾ ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಟ್ಟಳು. ಮೊದಲು ಫೋನು ಮಾಡಿದವನು ಒಹಾಯೋ ಕಡೆಯ ಹಾಲಿಸ್ ಎಂಬ ಹಲ್ಲಿನ ಡಾಕ್ಟರು. ಕೆಲಸದಿಂದ ನಿವೃತ್ತನಾಗಿದ್ದಾನಂತೆ, ಮೊಳದುದ್ದದ ಹೊಸ ಲೆನ್ಸು ಕೊಂಡಿದ್ದಾನಂತೆ, ಬಿಳಿತಲೆ ಹದ್ದುಗಳ ಫೋಟೋ ತೆಗೆಯಲು ಯಾವಾಗ ಬಂದರೆ ಸರಿ ಎಂದು ಕೇಳಿದ. ಅಲಾಸ್ಕದ ಈ ದ್ವೀಪಕ್ಕೆ ವಸಂತದಲ್ಲಿ ಬರುವ ಫೋಟೋದವರೆಲ್ಲ ಅವಳನ್ನೇ ಕೇಳುತ್ತಾರೆ. ವರ್ನಾ ಅಡುಗೆಮನೆಯ ಕಿಟಕಿಯಿಂದ ಹೊರಗೆ ನೋಡಿದಳು. ಕಡಲಹಕ್ಕಿಗಳು ಎಂದಿನಂತೆ ಬಂದರಿನ ಮೇಲೆ ಸುತ್ತು ಹಾಕುತ್ತಿರಲಿಲ್ಲ; ನೀರಿಗೆ ತೀರ ಹತ್ತಿರವಾಗಿ, ಜಗಳವಿಲ್ಲದೆ, ಎಲ್ಲವೂ ಸ್ಟಿಕೀನ್ ನದಿಯ ಅಳಿವೆಯ ಕಡೆಗೇ ಹೋಗುತ್ತಿದ್ದವು. ಹೂಲಿಗನ್ ಮೀನು ಕಡಲು ಬಿಟ್ಟು ನದಿ ಹತ್ತಲು ಹೊರಟಿದೆ ಎಂದು ಅದರರ್ಥ. ಗೇಣುದ್ದದ, ಮುಟ್ಟಿದರೆ ಕೈಯೆಲ್ಲ ಎಣ್ಣೆಯಾಗುವ ಆ ಮೀನು ಬಂದರೆ ಸುತ್ತಲಿನ ಹದ್ದುಗಳೆಲ್ಲ ಅಳಿವೆಯ ಮರಳದಿಣ್ಣೆಗಳಿಗೆ ಇಳಿಯುತ್ತವೆ. ಮೀನು ಹೋದರೆ ಅವೂ ಹೋಗುತ್ತವೆ. "ಬುಧವಾರಕ್ಕೆಲ್ಲ ಇಲ್ಲಿರಿ, ತಡ ಮಾಡ್ಬೇಡಿ" ಎಂದಳು. "ಗ್ಯಾರಂಟೀನಾ ಮೇಡಂ?" ಎಂದು ಅವನು ಕೇಳಿದ. "ಗ್ಯಾರಂಟಿ ಬೇಕಾದ್ರೆ ಮೀನನ್ನೇ ಕೇಳಿ. ಆದ್ರೂ ಬನ್ನಿ."

ಕೆಳಗಿಡುವಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಗಂಡನ ಅಕ್ಕ ಲವೀನಿಯಾ. "ಮೀನು ಬಂತೇನೇ?" ವರ್ನಾ ಕಿಟಕಿಗೆ ಬೆನ್ನು ಮಾಡಿದಳು. "ಇನ್ನೂ ಬಂದಿಲ್ಲ ಅತ್ತಿಗೆ." "ಈ ವರ್ಷ ಏನು ಬಂತೇ ಅದಕ್ಕೆ ರೋಗ? ನಿನ್ನ ಹಾಗೆ ಕಂಬಳಿ ಹೊದ್ಕೊಂಡು ಬಿದ್ದಿದೆಯಾ?" "ನದಿ ನೀರು ಇನ್ನೂ ತಣ್ಣಗಿದೆ." "ಸರಿ ಬಿಡು, ನೀನು ಹೇಳಿದ್ಮೇಲೆ ಮುಗೀತು" ಎಂದು ಮುದುಕಿ ಫೋನಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ನೀನು ಹೇಳಿದ ಮೇಲೆ ಮುಗಿಯಿತು ಎಂಬ ಆ ಮಾತು ವರ್ನಾಳನ್ನು ಚುಚ್ಚಿತು. ಒಲೆಯ ಮೇಲಿದ್ದ ಕಾಫಿ ಉಕ್ಕಿ ಹರಿದದ್ದನ್ನು ಒರೆಸುತ್ತ, ಗುರುತಿಲ್ಲದ ಡಾಕ್ಟರನಿಗೆ ನಿಜ ಹೇಳುವಾಗ ನಾಲಿಗೆ ಎಷ್ಟು ಸಲೀಸಾಗಿ ಆಡಿತಲ್ಲ ಎಂದುಕೊಂಡಳು.

ಗಂಡ ಅಂಬ್ರೋಸ್ ತೀರಿಹೋಗಿ ಮುಂದಿನ ತಿಂಗಳಿಗೆ ವರ್ಷ. ಅವನದು ಹದ್ದಿನ ಕಡೆ, ಅವಳದು ಕಾಗೆಯ ಕಡೆ; ಇಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರಲ್ಲಿ ತಾಯಿಯಿಂದ ಬರುವ ಎರಡು ಕಡೆಗಳಿವು; ಹೆಣ್ಣು ತರುವುದೂ ಎದುರು ಕಡೆಯಿಂದ, ಹೆಣ ಹೊರುವುದೂ ಎದುರು ಕಡೆಯವರು. ಗುಂಡಿ ತೋಡಿದ್ದು, ಪೆಟ್ಟಿಗೆ ಹೊತ್ತದ್ದು, ಹೆಣದ ಪಕ್ಕ ಕೂತದ್ದು ಎಲ್ಲ ವರ್ನಾಳ ಅಣ್ಣತಮ್ಮಂದಿರೇ. ವರ್ಷ ತುಂಬಿದ ಮೇಲೆ ಸತ್ತವನ ಕಡೆಯವರು ಗೋರಿಗೆ ಕಲ್ಲು ನಿಲ್ಲಿಸಿ, ದುಡಿದವರನ್ನೆಲ್ಲ ಹೆಸರು ಹಿಡಿದು ಕರೆದು, ಉಣಿಸಿ, ಹೊದಿಕೆ ಹೊದಿಸಿ, ಅಲ್ಲಿಗೆ ತಮ್ಮ ಅಳುವನ್ನು ಮುಗಿಸುತ್ತಾರೆ. ದುಃಖ ಇಳಿಸುವ ಊಟ; ಅಂಬ್ರೋಸ್‌ನದು ಈ ಶರತ್ಕಾಲಕ್ಕೆ ಎಂದು ಗೊತ್ತಾಗಿತ್ತು. ಅದಾದ ಮೇಲೆ ಅಳಬಾರದೆಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಅತ್ತರೆ ಜೊತೆಗೆ ಬಂದು ಕೂರುವವರು ಮಾತ್ರ ಇರುವುದಿಲ್ಲ. ವರ್ನಾ ಅದನ್ನೂ ಸಹಿಸಿಯಾಳು. ಸಹಿಸಲಾರದ್ದು ಇನ್ನೊಂದು. ಆ ಊಟದಲ್ಲೇ ಸತ್ತವನ ಹೆಸರನ್ನು ಬದುಕಿದವನಿಗೆ ಕೊಡುತ್ತಾರೆ. ಇಗರ್ಜಿಯಲ್ಲಿ ಇಟ್ಟ ಅಂಬ್ರೋಸ್ ಅಲ್ಲ, ಸೋದರಮಾವನಿಂದ ಅವನಿಗೆ ಬಂದಿದ್ದ ಹಳೆಯ ಹೆಸರು, ಅವಳು ಬಾಗಿಲು ಹಾಕಿಕೊಂಡ ಮೇಲೆ ಮಾತ್ರ ಕರೆಯುತ್ತಿದ್ದ ಹೆಸರು. ಅದು ಲವೀನಿಯಾಳ ಮಗ ಕ್ಲಿಫರ್ಡ್‌ಗೆ ಹೋಗುತ್ತದೆ. ಶರತ್ಕಾಲ ಕಳೆದರೆ ಊರಿನಲ್ಲಿ ಯಾರಾದರೂ ಆ ಹೆಸರು ಕರೆದಾಗ, ಬಂದರಿನ ಕಟ್ಟೆಯ ಮೇಲೆ ನಿಂತು ಸಿಗರೇಟು ಸೇದುತ್ತಿರುವ ಕ್ಲಿಫರ್ಡ್ ತಲೆ ತಿರುಗಿಸುತ್ತಾನೆ.

ಕಲ್ಲಿನ ಮೇಲೆ ಹದ್ದಿನ ಮುಖ ಕೆತ್ತಿಸಬೇಕು. ಹದ್ದಿನವರ ಗುರುತನ್ನು ಕಾಗೆಯವರೇ ಮಾಡಿಕೊಡಬೇಕಾದ್ದರಿಂದ ಅದು ಫೋಟೋ ತೆಗೆಯುವ ವರ್ನಾಳ ಪಾಲಿಗೆ ಬಂತು. ಹದ್ದಿನ ಫೋಟೋಗಳಿಗೆ ಅವಳಲ್ಲಿ ಬರವೇ? ಆದರೆ ಕಳೆದ ಬೇಸಿಗೆಯಲ್ಲಿ ಒಂದನ್ನು ಆರಿಸಿಕೊಡು ಎಂದು ಲವೀನಿಯಾ ಕೇಳಿದಾಗ, "ಹಳೇದು ಬೇಡ ಅತ್ತಿಗೆ, ವಸಂತ ಬರ್ಲಿ, ಅವನು ದೋಣಿ ನಿಲ್ಲಿಸ್ತಿದ್ದ ಜಾಗದಲ್ಲೇ ಹೊಸದು ತೆಗೀತೀನಿ" ಎಂದುಬಿಟ್ಟಿದ್ದಳು. ಕೇಳಿದವರೆಲ್ಲ ಕಣ್ಣೊರೆಸಿಕೊಂಡರು, ಎಂಥಾ ಹೆಂಡತಿ ಎಂದರು. ನಿಜವಾಗಿ ಅವಳು ಗಿಟ್ಟಿಸಿಕೊಂಡದ್ದು ಒಂದು ಚಳಿಗಾಲದ ಗಡುವು. ಒಮ್ಮೆ ಹಾಗೆ ನುಡಿದ ಮೇಲೆ ಲವೀನಿಯಾ ಹಳೆಯ ಫೋಟೋಗೆ ಒಪ್ಪುವವಳೇ ಅಲ್ಲ. ಈ ತಿಂಗಳ ಕೊನೆಯೊಳಗೆ ದಕ್ಷಿಣದ ಊರಿನಲ್ಲಿ ಕಲ್ಲು ಕೆತ್ತುವ ಶಿಲ್ಪಿಗೆ ಫೋಟೋ ತಲುಪದಿದ್ದರೆ ಕಲ್ಲು ಶರತ್ಕಾಲದ ಹಡಗಿಗೆ ಬರುವುದಿಲ್ಲ, ಊಟ ಇನ್ನೊಂದು ವರ್ಷ ಮುಂದಕ್ಕೆ ಹೋಗುತ್ತದೆ. ವರ್ನಾ ಮಾಡಬೇಕಾಗಿದ್ದದ್ದು ಇಷ್ಟೇ, ಮೀನು ಬಂದು ಹೋಗುವವರೆಗೆ ಮೀನು ಬಂದಿಲ್ಲ ಎನ್ನುತ್ತಿರುವುದು. ಅವಳ ಮಾತನ್ನು ಈ ಊರಿನಲ್ಲಿ ಯಾರೂ ಪರೀಕ್ಷೆ ಮಾಡುವುದಿಲ್ಲ.

ಮಧ್ಯಾಹ್ನ ಕ್ಲಿಫರ್ಡ್ ಬಂದ. ನಲವತ್ತು ದಾಟಿದ ಗಂಡಸು, ಹೆಂಡತಿ ಬಿಟ್ಟುಹೋಗಿದ್ದಾಳೆ, ಮಾವನ ದೋಣಿಯನ್ನು ಈಗ ಅವನೇ ನೋಡಿಕೊಳ್ಳುತ್ತಾನೆ. ಕಾಗದದಲ್ಲಿ ಸುತ್ತಿದ ಮೀನಿನ ತುಂಡನ್ನು ಮೇಜಿನ ಮೇಲಿಟ್ಟು, ಕೇಳದೆಯೇ ಕಾಫಿ ಬಗ್ಗಿಸಿಕೊಂಡ. "ಅತ್ತೆ, ಕಡಲಸಿಂಹಗಳು ಅಳಿವೆ ಕಡೆ ಹೋಗ್ತಿದ್ವಪ್ಪ. ಹೊಟ್ಟೆ ನೋಡಿದ್ರೆ ಮದುವೆ ಊಟಕ್ಕೆ ಹೊರಟ ಹಾಗಿತ್ತು." "ಅವು ಯಾವಾಗ್ಲೂ ಹೋಗ್ತವೆ." "ಹ್ಞೂಂ, ಯಾವಾಗ್ಲೂ ಹೋಗ್ತವೆ" ಎಂದು ಅವನು ಬಟ್ಟಲಿನೊಳಗೆ ನೋಡಿದ. ಹಿಂದಿನಿಂದ ನೋಡಿದರೆ ಕತ್ತು ಥೇಟು ಮಾವನದೇ, ಕೂದಲು ಕತ್ತರಿಸಿಕೊಳ್ಳುವ ಸೋಮಾರಿತನವೂ ಅದೇ. ಈ ಕತ್ತಿಗೆ ಆ ಹೆಸರನ್ನು ತಗುಲಿಸುತ್ತಾರೆ ಎನಿಸಿ ವರ್ನಾಳಿಗೆ ಅವನ ಮೇಲೆ ಅಸಹ್ಯವೇ ಹುಟ್ಟಿತು, ಅದರ ಬೆನ್ನಿಗೇ ನಾಚಿಕೆಯಾಯಿತು. ಇವನನ್ನು ಎಳೆಗೂಸಿನಲ್ಲಿ ಎತ್ತಿ ಆಡಿಸಿದ್ದಳು. ಹಿಂದೆ ದೋಣಿಯಲ್ಲಿ ಅಂಬ್ರೋಸ್ ಎಂಜಿನ್ ನಿಲ್ಲಿಸಿ ಗದ್ದ ಎತ್ತಿ ತೋರಿಸುತ್ತಿದ್ದ, ಅಲ್ಲಿ, ಆ ಒಣಮರದ ಮೇಲೆ. ಬೆರಳು ತೋರಿಸಿದರೆ ಹಕ್ಕಿಗೆ ಅವಮಾನ ಎನ್ನುತ್ತಿದ್ದ. ಕ್ಯಾಮೆರಾ ಕಣ್ಣಿಗೆ ಒತ್ತಿಕೊಂಡಿದ್ದ ಅವಳಿಗೆ ಅವನ ಮುಖ ಕಾಣುತ್ತಿರಲಿಲ್ಲ. ನಲವತ್ತಕ್ಕೂ ಹೆಚ್ಚು ವಸಂತ ಒಂದೇ ದೋಣಿಯಲ್ಲಿ ಕೂತು ಅವಳು ಹದ್ದುಗಳನ್ನು ನೋಡಿದ್ದಾಳೆ, ಗಂಡನನ್ನಲ್ಲ. ಅವನ ಒಂದು ಒಳ್ಳೆಯ ಫೋಟೋ ಮನೆಯಲ್ಲಿಲ್ಲ. "ಅತ್ತೆ, ಇನ್ನೊಂಚೂರು ಸಕ್ಕರೆ" ಎಂದು ಕ್ಲಿಫರ್ಡ್ ಎರಡನೆಯ ಸಲ ಕೇಳುತ್ತಿದ್ದ. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ, "ನಂಗೇನೂ ಅವಸರ ಇಲ್ಲ ಅತ್ತೆ. ಅಮ್ಮಂಗೇ ಅವಸರ." ಅವನಿಗೆ ಎಷ್ಟು ಗೊತ್ತಿದೆ ಎಂದು ವರ್ನಾಳಿಗೆ ತಿಳಿಯಲಿಲ್ಲ.

ಬುಧವಾರ ಬಂತು. ಅವಳು ಪರದೆ ಎಳೆದುಕೊಂಡು ಕೂತಳು. ಕಿವಿಗೆ ಯಾವ ಪರದೆ? ಬೆಳಗಿನ ಉಬ್ಬರದಲ್ಲಿ ಒಂದರ ಹಿಂದೊಂದು ದೋಣಿ ಅಳಿವೆಗೆ ಹೋದದ್ದು, ಸಂಜೆ ಮರಳುವಾಗ ಫೋಟೋದವರು ಕುಡಿದವರ ಹಾಗೆ ನಗುತ್ತಿದ್ದದ್ದು ಮನೆಯೊಳಕ್ಕೇ ಬಂತು. ಕಣ್ಣು ಮುಚ್ಚಿದರೆ ಅವಳಿಗೆ ಕಾಣುತ್ತಿತ್ತು: ಮರಳಿನ ಮೇಲೆ ಸಾಲಾಗಿ ಕೂತ ಬಿಳಿ ತಲೆಗಳು, ತಿಂದು ತಿಂದು ಹಾರಲಾರದೆ ನಡೆದಾಡುವ ಹಕ್ಕಿಗಳು, ಮೀನಿನ ವಾಸನೆ. ಬೆರಳುಗಳು ಕೈಯಲ್ಲಿಲ್ಲದ ಕ್ಯಾಮೆರಾದ ಮೇಲೆ ಆಡುತ್ತಿದ್ದವು. ದಿನಾ ಲವೀನಿಯಾ ಫೋನು ಮಾಡುತ್ತಿದ್ದಳು, ದಿನಾ ವರ್ನಾ ಅದನ್ನೇ ಹೇಳುತ್ತಿದ್ದಳು. ಬಂದರು ಕಾಣದ ಮನೆಯೊಳಗೇ ಹೊಲಿಯುತ್ತ ಕೂತ ಮುದುಕಿಗೆ ಬೇರೆ ಯಾರೂ ಹೇಳಿದಂತಿರಲಿಲ್ಲ, ಕ್ಲಿಫರ್ಡ್ ಕೂಡ. ಒಂದು ದಿನ ಮುದುಕಿ ಏನೂ ಕೇಳದೆ, "ಹೊದಿಕೆಗಳ ಅಂಚು ಹೊಲಿದಾಯ್ತು ಕಣೇ, ಬೆರಿಹಣ್ಣಿನ ಜಾಡಿ ಇಡೋಕೆ ಕೋಣೇಲಿ ಜಾಗ ಇಲ್ಲ. ರಾತ್ರಿ ಎದ್ದರೆ ಜಾಡಿ ಎಡವ್ತೀನಿ" ಎಂದು ನಕ್ಕಳು. ಅವಳ ಉಸಿರು ಫೋನಿನಲ್ಲಿ ಸಿಳ್ಳೆ ಹಾಕುತ್ತಿತ್ತು. ವರ್ನಾಳಿಗೆ ಆಗ ಹೇಳಿಬಿಡಬೇಕು ಎನಿಸಿತು. ಹೇಳಲಿಲ್ಲ.

ಮುಂದಿನ ವಾರ ಹಾಲು ಮುಗಿದು ಅಂಗಡಿಗೆ ಹೋಗಲೇಬೇಕಾಯಿತು. ಬಾಗಿಲ ಪಕ್ಕದ ಬೆಂಚಿನ ಮೇಲೆ ಲವೀನಿಯಾ ಕೂತಿದ್ದಳು, ಮಡಿಲಲ್ಲಿ ಈರುಳ್ಳಿ ಚೀಲ, ಮಗ ಕಾರು ತರುವುದನ್ನು ಕಾಯುತ್ತಿದ್ದಾಳೆ. "ಬಾರೇ, ಬದುಕಿದೀಯಾ? ಮುಖ ನೋಡಿದ್ರೆ ಹಳಸಿದ ಹಿಟ್ಟಿನ ಹಾಗಿದೆ" ಎಂದು ಪಕ್ಕದಲ್ಲಿ ಜಾಗ ಮಾಡಿದಳು. ವರ್ನಾ ಕೂರುವ ಮೊದಲೇ ಹಣ ಕೊಡುವ ಸಾಲಿನಿಂದ ಕೆಂಪು ಜಾಕೀಟಿನ ಎತ್ತರದ ಮನುಷ್ಯ ತಿರುಗಿದ. "ನೀವು ವರ್ನಾ ಅಲ್ವಾ? ನಾನು ಹಾಲಿಸ್, ಫೋನ್ ಮಾಡಿದ್ನಲ್ಲ, ಒಹಾಯೋ!" ಅಂಗಡಿಯ ಹುಡುಗಿ ಅವಳ ಹೆಸರು ಹಿಡಿದು ಮಾತಾಡಿಸಿದ್ದನ್ನು ಅವನು ಕೇಳಿಸಿಕೊಂಡಿದ್ದ. "ಎಂಥಾ ಲೆಕ್ಕಾಚಾರ ನಿಮ್ಮದು! ಬುಧವಾರ ಅಂದ್ರಿ, ಬುಧವಾರವೇ! ಅಜ್ಜಿ, ನೋಡಿ ಇಲ್ಲಿ" ಎಂದು ಕ್ಯಾಮೆರಾದ ಹಿಂಬದಿಯನ್ನು ಲವೀನಿಯಾಳ ಮುಖಕ್ಕೆ ಹಿಡಿದ. ಮುದುಕಿ ಕನ್ನಡಕ ಹುಡುಕಿ ಹಾಕಿಕೊಂಡಳು. ಅವನು ಗುಂಡಿ ಒತ್ತುತ್ತ ಹೋದ. ಹದ್ದು, ಹದ್ದು, ಮೀನು ಕಚ್ಚಿದ ಹದ್ದು, ದಿಣ್ಣೆಯ ತುಂಬ ಹದ್ದು. ವರ್ನಾ ನೆಲ ನೋಡುತ್ತ ನಿಂತಿದ್ದಳು. "ನೆನ್ನೆ ಹತ್ತೋ ಹನ್ನೆರಡೋ ಮಾತ್ರ ಇದ್ವು. ಮುಗೀತು ಅಂತ ಕಾಣುತ್ತೆ. ನನ್ನ ಪುಣ್ಯ, ಸರಿಯಾದವರನ್ನ ಕೇಳಿದೆ" ಎಂದು ಅವನು ಅವಳ ಕೈ ಕುಲುಕಿದ. "ಚೆನ್ನಾಗಿ ಬಂದಿವೆ" ಎಂದಳು ಲವೀನಿಯಾ. ಕನ್ನಡಕ ತೆಗೆದು ಮಡಿಸಿ ಪೆಟ್ಟಿಗೆಗೆ ಹಾಕಲು ಅವಳಿಗೆ ತುಂಬ ಹೊತ್ತು ಹಿಡಿಯಿತು. ವರ್ನಾಳ ಕಡೆ ನೋಡದೆಯೇ ಹೇಳಿದಳು, "ನಾಳೆ ಬೆಳಿಗ್ಗೆ ಕ್ಲಿಫರ್ಡ್ ದೋಣಿ ತೆಗೀತಾನೆ. ನಾನೂ ಬರ್ತೀನಿ."

ಮಾರನೆಯ ದಿನ ಮೋಡವಿತ್ತು, ಗಾಳಿಯಿರಲಿಲ್ಲ. ಲವೀನಿಯಾಳನ್ನು ಎರಡು ಕಂಬಳಿಯಲ್ಲಿ ಸುತ್ತಿ ಎಂಜಿನ್ನಿನ ಮುಂದೆ ಕೂರಿಸಿದ್ದರು, ಮೂಗು ಮಾತ್ರ ಹೊರಗಿತ್ತು. ಅಳಿವೆ ತಲುಪಿದರು. ದಿಣ್ಣೆಗಳು ಬರಿದಾಗಿದ್ದವು. ಮರಳಿನ ತುಂಬ ಹೆಜ್ಜೆಗುರುತು, ಹಿಕ್ಕೆ, ಮೀನಿನ ಬೆನ್ನೆಲುಬು. ದೂರದಲ್ಲಿ ಒಂದೆರಡು ಕಡಲಹಕ್ಕಿ ಉಳಿದದ್ದಕ್ಕೆ ಕಾದಾಡುತ್ತಿದ್ದವು. ಸಂತೆ ಎದ್ದುಹೋದ ಬಯಲಿನಂತಿತ್ತು. ಕ್ಲಿಫರ್ಡ್ ಕೆಮ್ಮಿ, "ಅಮ್ಮ, ಆ ಹಲ್ಲಿನ ಡಾಕ್ಟ್ರ ಹತ್ರ ಒಂದು ಫೋಟೋ ಇಸ್ಕೊಂಡ್ರೆ ಆಗಲ್ವಾ?" ಎಂದ. "ಅವನೇನು ನನ್ನ ತಮ್ಮನ ಗುಂಡಿ ತೋಡಿದ್ನೇನೋ?" ಎಂದು ಮುದುಕಿ ಗದರಿದಳು. ಆಮೇಲೆ ವರ್ನಾಳ ಕಡೆ ತಿರುಗಿದಳು. ವರ್ನಾ ಬೈಗುಳಕ್ಕೆ ಸಿದ್ಧಳಾಗಿದ್ದಳು, ಬೈಗುಳವನ್ನೇ ಬಯಸುತ್ತಿದ್ದಳು.

"ನಿಂಗೆ ಗೊತ್ತಿತ್ತು" ಎಂದಳು ಲವೀನಿಯಾ.

"ಗೊತ್ತಿತ್ತು ಅತ್ತಿಗೆ."

"ಆಯ್ತು. ಕಲ್ಲು ಬೋಳಾಗೇ ನಿಲ್ಲಿಸ್ತೀನಿ. ಊಟ ನಿಲ್ಲಿಸಲ್ಲ. ಶರತ್ಕಾಲದ ಊಟದಲ್ಲಿ ಎಲ್ಲರಿಗಿಂತ ಮೊದಲು ನಿನ್ನ ಹೆಸರೇ ಕರೀತೀನಿ. ನಮ್ಮ ಗುರುತು ಮಾಡಿಕೊಟ್ಟವಳು ಅಂತ ಎಲ್ಲರ ಮುಂದೆ ಹೊದಿಕೆ ಹೊದಿಸ್ತೀನಿ. ನೀನು ಎದ್ದು ಬಂದು ತಗೋತೀಯ."

"ಬೇಡಿ ಅತ್ತಿಗೆ. ಮಾಡದ ಕೆಲಸಕ್ಕೆ ಕೊಡ್ಬೇಡಿ. ನನ್ನ ಮಾನ ತೆಗೀಬೇಡಿ."

"ನಿನ್ನ ಮಾನ ಯಾರಿಗೆ ಬೇಕೇ? ನಾನು ನಿಂಗೋಸ್ಕರ ಕೊಡ್ತೀನಾ? ಕೊಡದೇ ಇದ್ರೆ ನನ್ನ ಅಳು ಇಳಿಯಲ್ಲ. ಎಂಬತ್ತು ದಾಟಿದೀನಿ. ಬೆನ್ನ ಮೇಲೆ ಕೂಸುಮರಿ ಮಾಡಿ ಹೊತ್ತು ಬೆಳೆಸಿದ ತಮ್ಮ ಅವನು, ಈಗ್ಲೂ ಹೊತ್ಕೊಂಡೇ ಓಡಾಡ್ತಿದೀನಿ. ಮುಂದಿನ ವರ್ಷ ನಾನಿರ್ತೀನಾ? ಅವನನ್ನ ಇಳಿಸದೇ ನಾನು ಹೋಗ್ಲಾ?" ಮುದುಕಿಯ ದನಿ ಒಡೆಯಿತು. "ಅವನನ್ನ ಕಳ್ಕೊಂಡೋಳು ನೀನೊಬ್ಳೇ ಅಂದ್ಕೊಂಡ್ಯಲ್ಲೇ."

ನೀನೊಬ್ಬಳೇ ಅಂದುಕೊಂಡೆಯಲ್ಲ. ವರ್ನಾ ದೋಣಿಯ ಅಂಚನ್ನು ಹಿಡಿದುಕೊಂಡಳು. ನಿಜ, ಹಾಗೆಯೇ ಅಂದುಕೊಂಡಿದ್ದಳು. ಈ ಒಂದು ವರ್ಷ ಅವಳ ಲೆಕ್ಕದಲ್ಲಿ ಅಂಬ್ರೋಸ್ ಯಾರ ತಮ್ಮನೂ ಆಗಿರಲಿಲ್ಲ, ಯಾರ ಮಾವನೂ ಆಗಿರಲಿಲ್ಲ. ಗಂಡನನ್ನು ಹಿಡಿದಿಟ್ಟುಕೊಂಡಿದ್ದೇನೆ ಎಂದುಕೊಂಡು ಈ ಮುದುಕಿಯ ಎದೆಗೂಡಿಗೆ ಬೀಗ ಹಾಕಿ ಕೂತಿದ್ದಳು. ಎಂಥ ಜಿಪುಣತನ ಇದು ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು, ದುಃಖವೂ ಉಕ್ಕಿತು, ಯಾವುದು ಯಾವುದು ಎಂದು ಗೊತ್ತಾಗಲಿಲ್ಲ. ಉಬ್ಬರದ ನೀರು ಆಗಲೇ ಇಳಿಯತೊಡಗಿತ್ತು; ದಿಣ್ಣೆಗಳ ಅಂಚು ನೋಡನೋಡುತ್ತಿದ್ದಂತೆ ಅಗಲವಾಗುತ್ತಿತ್ತು. ಕ್ಲಿಫರ್ಡ್ ದೋಣಿಯನ್ನು ಊರಿನ ಕಡೆಗೆ ತಿರುಗಿಸುತ್ತಿದ್ದ. ಕೊನೆಗೆ ಬರುವ ಮೀನಿನ ಹಿಂಡು ಅಳಿವೆಯಲ್ಲಿ ನಿಲ್ಲದೆ ನದಿಯ ಮೇಲಿನ ಕವಲಿಗೆ ಹೋಗುತ್ತದೆ, ಕೆಲವು ಮುದಿಹದ್ದುಗಳು ಅದರ ಹಿಂದೆ ಹೋಗುತ್ತವೆ. ಅದು ಅವಳಿಗೂ ಅಂಬ್ರೋಸ್‌ಗೂ ಮಾತ್ರ ಗೊತ್ತಿತ್ತು. ಯಾವ ಫೋಟೋದವನಿಗೂ ಅವರು ಹೇಳಿರಲಿಲ್ಲ.

"ಕ್ಲಿಫರ್ಡ್, ಮೇಲಿನ ಕವಲಿಗೆ ಬಿಡು" ಎಂದಳು.

"ಅತ್ತೆ, ನೀರಿಳೀತಿದೆ. ಒಳಗೆ ಹೋದ್ರೆ ವಾಪಸ್ ಬರೋಕಾಗಲ್ಲ, ಮರಳ ಮೇಲೆ ಕೂತ್ಬಿಡ್ತೀವಿ."

"ಕೂರೋಣ."

ಅವನು ತಾಯಿಯ ಮುಖ ನೋಡಿದ. ಕಂಬಳಿಯೊಳಗಿಂದ, "ಅವಳು ಹೇಳಿದ್ಮೇಲೆ ಬಿಡೋ" ಎಂದು ಬಂತು.

ಕವಲು ಕಿರಿದು, ಎರಡೂ ದಂಡೆಯಲ್ಲಿ ಎಲೆಯಿಲ್ಲದ ಮರಗಳು. ಎರಡನೆಯ ತಿರುವಿನಲ್ಲಿ ಅವು ಇದ್ದವು, ಏಳೋ ಎಂಟೋ, ಕೊಂಬೆಗಳಲ್ಲಿ ಮುದುಡಿ ಕೂತಿದ್ದವು. ತೀರ ಹತ್ತಿರದ ಒಣಮರದ ಮೇಲಿದ್ದ ಹಕ್ಕಿಗೆ ವಯಸ್ಸಾಗಿತ್ತು, ಕತ್ತಿನ ಬಿಳಿ ಗರಿಗಳೆಲ್ಲ ಮೀನೆಣ್ಣೆಯಿಂದ ಜಡೆಗಟ್ಟಿದ್ದವು, ಕೊಕ್ಕಿಗೆ ಏನೋ ಅಂಟಿಕೊಂಡಿತ್ತು. ಅಂಚೆಚೀಟಿಯ ಮೇಲೆ ಹಾಕುವಂಥ ಹದ್ದಲ್ಲ. ಯಾರೂ ಹೇಳದೆಯೇ ಕ್ಲಿಫರ್ಡ್ ಎಂಜಿನ್ ನಿಲ್ಲಿಸಿದ. ವರ್ನಾ ಕ್ಯಾಮೆರಾ ಎತ್ತಿದಳು, ಇಳಿಸಿದಳು, ಕೈಗವಸು ತೆಗೆದಳು, ಮತ್ತೆ ಎತ್ತಿದಳು. ಹಳದಿ ಕಣ್ಣು ಸ್ಪಷ್ಟವಾಯಿತು. ಹಕ್ಕಿ ಅವಳನ್ನೇ ನೋಡುತ್ತಿತ್ತು, ಅದಕ್ಕೆ ಅವಳಿಂದ ಏನೂ ಬೇಕಾಗಿರಲಿಲ್ಲ. ಅಂಬ್ರೋಸ್ ಸತ್ತಿದ್ದಾನೆ ಎಂದು ಅವಳ ಒಳಗೆ ಯಾರೋ ಸಾದಾ ದನಿಯಲ್ಲಿ ಹೇಳಿದ ಹಾಗಾಯಿತು. ಗುಂಡಿ ಒತ್ತಿದಳು.

"ಸಿಕ್ತಾ?" ಎಂದಳು ಲವೀನಿಯಾ.

"ಸಿಕ್ತು."

ಮುದುಕಿ ತಲೆಯಾಡಿಸಿದಳು. ಬಾಯಿ ತೆರೆದು ಏನೋ ಹೇಳಲು ಹೋದವಳು ಕಂಬಳಿಗೆ ಮುಖ ಒತ್ತಿಕೊಂಡು, ಸಣ್ಣ ಹುಡುಗಿಯ ಹಾಗೆ ದನಿ ತೆಗೆದು ಅತ್ತಳು. ವರ್ನಾ ಅವಳ ಪಕ್ಕಕ್ಕೆ ಹೋಗಿ ಕೂತಳು. ದೋಣಿಯ ಅಡಿ ಮರಳಿಗೆ ಉಜ್ಜಿ ಒಂದು ಕಡೆ ವಾಲಿ ನಿಂತಿತು. "ಕೂತ್ವಿ" ಎಂದ ಕ್ಲಿಫರ್ಡ್. "ಇನ್ನು ನೀರು ಬರೋವರೆಗೂ ಎಲ್ಲಿಗೂ ಹೋಗೋ ಹಾಗಿಲ್ಲ. ತಿನ್ನೋಕೆ ಯಾರಾದ್ರೂ ತಂದಿದೀರಾ, ಇಲ್ಲ ನನ್ನನ್ನೇ ತಿಂತೀರಾ?" ಲವೀನಿಯಾ ಮೂಗೊರೆಸಿಕೊಂಡು ಚೀಲದಿಂದ ಹೊಗೆಗಿಟ್ಟು ಒಣಗಿಸಿದ ಮೀನು, ಗಟ್ಟಿ ಬಿಸ್ಕತ್ತು ತೆಗೆದಳು. ಮೂವರೂ ತಿಂದರು. ಅಕ್ಕಪಕ್ಕದ ನೀರು ಹರಿದುಹೋಗಿ ಒದ್ದೆ ಮರಳು ಮಾತ್ರ ಉಳಿಯಿತು.

"ನಂಗೆ ಹೆಸರಿನ ಭಯ ಅತ್ತಿಗೆ" ಎಂದಳು ವರ್ನಾ. ಬಿಸ್ಕತ್ತನ್ನೇ ನೋಡುತ್ತ ಹೇಳಿದಳು. "ಅವನ ಹೆಸರು ಕರೆದ್ರೆ ಇವನು ತಿರುಗ್ತಾನಲ್ಲ."

ಕ್ಲಿಫರ್ಡ್‌ನ ಕಿವಿ ಕೆಂಪಾಯಿತು. ಅವನು ಅವರಿಗೆ ಬೆನ್ನು ಮಾಡಿ, ಕೆಲಸವಿಲ್ಲದಿದ್ದರೂ ಹಗ್ಗ ಸುತ್ತತೊಡಗಿದ. "ನಂಗೂ ಭಯಾನೇ ಅತ್ತೆ" ಎಂದ. "ಅಮ್ಮ ಒಂದ್ಸಲ ಮನೇಲಿ ಹಾಗೇ ಬಾಯಿತಪ್ಪಿ ನನ್ನ ಆ ಹೆಸರಲ್ಲಿ ಕರೆದ್ಳು. ಮಾವ ಬಂದ್ನೇನೋ ಅಂತ ನಾನೂ ಬಾಗಿಲ ಕಡೆಗೇ ನೋಡ್ದೆ."

ಮರದ ಮೇಲಿನ ಹಕ್ಕಿ ಮೈ ಕೊಡವಿ ಮತ್ತೆ ಮುದುಡಿಕೊಂಡಿತು. ಲವೀನಿಯಾ ಕಂಬಳಿಯ ಒಂದು ತುದಿಯನ್ನು ವರ್ನಾಳ ಮೊಣಕಾಲಿನ ಮೇಲೆ ಎಳೆದಳು. ಶರತ್ಕಾಲ ಇನ್ನೂ ದೂರವಿತ್ತು, ಆದರೆ ಬರುತ್ತದೆ. ವರ್ನಾ ಬಿಸ್ಕತ್ತು ಕೆಳಗಿಟ್ಟಳು. ಒಂದು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದ ಆ ಹೆಸರನ್ನು ಕರೆದಳು, ಅಡುಗೆಮನೆಯಿಂದ ಊಟಕ್ಕೆ ಕರೆಯುವಷ್ಟು ಗಟ್ಟಿಯಾಗಿ. ಕ್ಲಿಫರ್ಡ್ ತಿರುಗಲಿಲ್ಲ. ಅವನು ನೀರು ಹರಿದುಹೋದ ಕಡೆಗೆ ನೋಡಿದ, ಅವನ ತಾಯಿಯೂ ನೋಡಿದಳು, ವರ್ನಾ ಕೂಡ ನೋಡಿದಳು. ಯಾರೂ ಬರಲಿಲ್ಲ. ಅವರು ಕಾದರು.

ಆಮೇಲೆ ಕ್ಲಿಫರ್ಡ್ ಹಗ್ಗ ಕೆಳಗಿಟ್ಟು ಇತ್ತ ತಿರುಗಿ, ತುಂಬ ಮೆಲ್ಲಗೆ, "ಏನತ್ತೆ?" ಎಂದ.